ಪಂಚ್ ಮಾಡಿದ ಗಂಟೆಗಳ ಲೆಕ್ಕ

ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಕೂಲಿ ಗೊತ್ತಾಗುವುದು ಸಾವಿರಕ್ಕೆ ಇಷ್ಟು ಎಂದು. ಮೇಸ್ತ್ರಿಯ ಪುಸ್ತಕ ಒಂದು ಲೆಕ್ಕ ಹೇಳಿ, ಇಟ್ಟಿಗೆ ಕೊಯ್ದವರು ಇನ್ನೊಂದು ಹೇಳಿದರೆ ಜಗಳ ಹತ್ತುತ್ತದೆ. ಅದು ತೀರುವ ದಾರಿಯೂ ಅಲ್ಲೇ ಕಣ್ಣೆದುರಿಗೆ ಇರುತ್ತದೆ. ಸಾಲಾಗಿ ಒಣಹಾಕಿದ ಹಸಿ ಇಟ್ಟಿಗೆಯನ್ನು ಇಬ್ಬರೂ ಹೋಗಿ ಇನ್ನೊಮ್ಮೆ ಎಣಿಸಿದರಾಯಿತು.

ಪಕ್ಕದ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಹುಡುಗ ಹುಡುಗಿಯರಿಗೆ ಈ ಸೌಲಭ್ಯವಿಲ್ಲ. ಗೇಟಿನಲ್ಲಿ ಪಂಚ್ ಮಾಡಿದ್ದೇ ಹಾಜರಿ, ಹಾಜರಿ ಇದ್ದಷ್ಟೇ ಸಂಬಳ. ಯಂತ್ರ ಹಾಕಿಕೊಳ್ಳದೆ ಬಿಟ್ಟ ಗಂಟೆಯನ್ನು ಮತ್ತೆ ಎಣಿಸಲು ಅದು ಎಲ್ಲೂ ಒಣಗಲು ಬಿದ್ದಿರುವುದಿಲ್ಲ.

2020ರ ಡಿಸೆಂಬರ್ 12, ಶನಿವಾರ. ಐಫೋನ್ ತಯಾರಿಸುತ್ತಿದ್ದ ತೈವಾನ್ ಮೂಲದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿದು ಬೆಳಗಿನ ಪಾಳಿ ಶುರುವಾಗುವ ಹೊತ್ತಿಗೆ ಗಾಜು ಒಡೆಯಿತು, ವಾಹನಗಳು ಉರುಳಿದವು, ಕೆಲವಕ್ಕೆ ಬೆಂಕಿ ಬಿತ್ತು. ದೇಶದ ಟಿವಿಗಳೆಲ್ಲ ದಿನವಿಡೀ ತೋರಿಸಿದ್ದು ಆ ಗಾಜನ್ನೇ. ಅದಕ್ಕೆ ಹಿಂದಿನ ಎರಡು ತಿಂಗಳ ಕಥೆಯಲ್ಲಿ ಕ್ಯಾಮೆರಾಕ್ಕೆ ಸಿಗುವಂಥದ್ದು ಏನೂ ಇರಲಿಲ್ಲ, ಕೆಟ್ಟುಹೋದ ಒಂದು ಹಾಜರಿ ವ್ಯವಸ್ಥೆಯ ಹೊರತು.

ಆ ಕಥೆಯನ್ನು ಬರೆದಿಟ್ಟದ್ದು ರಾಜ್ಯದ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ. ಐದು ಸಾವಿರದಷ್ಟಿದ್ದ ಕೆಲಸಗಾರರ ಸಂಖ್ಯೆ ಅಲ್ಪಕಾಲದಲ್ಲೇ ಸುಮಾರು 10,500ಕ್ಕೆ ಏರಿತ್ತು. ಅವರಲ್ಲಿ ಬಹುಪಾಲು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಅಕ್ಟೋಬರಿನಲ್ಲಿ ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯದಾಯಿತು. ಹಾಜರಿ ವ್ಯವಸ್ಥೆ ದುಡಿದ ಗಂಟೆಗಳನ್ನು ಸರಿಯಾಗಿ ಹಿಡಿಯಲಿಲ್ಲ. ಸಿಬ್ಬಂದಿ ವಿಭಾಗ ಅದನ್ನು ಎರಡು ತಿಂಗಳಾದರೂ ಸರಿಪಡಿಸಲಿಲ್ಲ. ಹೆಚ್ಚು ಹೊತ್ತು ದುಡಿದವರಿಗೆ ಕಡಿಮೆ ಸಂಬಳ ಬಿತ್ತು. ಕೆಲವರ ಖಾತೆಗೆ ಬಂದದ್ದು ಬರೀ ಐನೂರು ರೂಪಾಯಿ ಎಂದು ಆಗಿನ ಪತ್ರಿಕೆಗಳು ವರದಿ ಮಾಡಿದ್ದವು. ದೂರು ಹೇಳಿಕೊಂಡು ಹೋದರೆ ಏಜೆನ್ಸಿ ಕಂಪನಿಯ ಕಡೆಗೆ, ಕಂಪನಿ ಏಜೆನ್ಸಿಯ ಕಡೆಗೆ ಕೈ ತೋರಿಸುವುದು ಗುತ್ತಿಗೆ ಕೆಲಸ ಮಾಡಿದ ಯಾರಿಗೂ ಹೊಸದಲ್ಲ.

ಗಾಜು ಒಡೆದವರು ತಪ್ಪು ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೊಲೀಸರಿಗೆ ಹೋದ ದೂರು ಒಡೆದವರಷ್ಟಕ್ಕೆ ನಿಲ್ಲಲಿಲ್ಲ. ಐದು ಸಾವಿರ ಗುತ್ತಿಗೆ ಕಾರ್ಮಿಕರು ಮತ್ತು ಎರಡು ಸಾವಿರ ಅಪರಿಚಿತರು, ಒಟ್ಟು ಏಳು ಸಾವಿರ ಜನ ಅದರಲ್ಲಿ ಆರೋಪಿಗಳು! ಏಳು ಸಾವಿರವೆಂದರೆ ಮಾಲೂರು ತಾಲ್ಲೂಕಿನ ಹಲವು ಹಳ್ಳಿಗಳನ್ನು ಕೂಸುಕುನ್ನಿ ಸಮೇತ ಒಟ್ಟು ಸೇರಿಸಿದ ಲೆಕ್ಕ. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಹಾನಿ ಸುಮಾರು 437 ಕೋಟಿ ರೂಪಾಯಿ ಎಂದಿದ್ದ ಕಂಪನಿ, ಕೆಲವೇ ದಿನಗಳಲ್ಲಿ ತೈವಾನಿನ ಷೇರುಪೇಟೆಗೆ ಕೊಟ್ಟ ವಿವರಣೆಯಲ್ಲಿ ಅದನ್ನು 26ರಿಂದ 52 ಕೋಟಿಗೆ ಇಳಿಸಿತು. ತನ್ನ ಲೆಕ್ಕವನ್ನು ಇಷ್ಟು ಬೇಗ ತಿದ್ದಿಕೊಳ್ಳಬಲ್ಲ ಸಂಸ್ಥೆಗೆ ಕೆಲಸಗಾರರ ಹಾಜರಿ ತಿದ್ದಲು ಎರಡು ತಿಂಗಳು ಸಾಲಲಿಲ್ಲ.

ಡಿಸೆಂಬರ್ 19ರಂದು ಆ್ಯಪಲ್ ತನ್ನ ತನಿಖೆಯ ಸಾರ ಹೇಳಿತು: ಕೆಲಸದ ವೇಳೆಯನ್ನು ನಿರ್ವಹಿಸುವ ಸರಿಯಾದ ಕ್ರಮ ಅಲ್ಲಿ ಇರಲಿಲ್ಲ, ಅದರಿಂದ ಅಕ್ಟೋಬರ್ ಮತ್ತು ನವೆಂಬರಿನ ಸಂಬಳ ಕೆಲವರಿಗೆ ತಡವಾಯಿತು. ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿತು. ವಿಸ್ಟ್ರಾನ್ ಕಾರ್ಮಿಕರ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು. ದೂರು ಹೇಳಿಕೊಳ್ಳಲು ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷಿನಲ್ಲಿ ಇಪ್ಪತ್ನಾಲ್ಕು ಗಂಟೆಯ ಸಹಾಯವಾಣಿ ತೆರೆಯಿತು. ಅಕ್ಟೋಬರಿನಲ್ಲೇ ಯಾರಾದರೂ ಒಬ್ಬರು ಆ ಫೋನ್ ಎತ್ತುವಂತಿದ್ದರೆ!

ಒಂದೇ ಅಂಗಳದ ಎರಡು ತಪ್ಪುಗಳು ಹೀಗೆ ಎರಡು ದಾರಿ ಹಿಡಿದವು. ಯಂತ್ರದ ತಪ್ಪು ಕ್ಷಮೆಯ ಪತ್ರಕ್ಕೆ ಹೋಯಿತು, ಮನುಷ್ಯರ ತಪ್ಪು ಠಾಣೆಗೆ.

ಇದೇ ವಿಂಗಡಣೆ ಇನ್ನೂ ಕ್ರೂರವಾಗಿ ನಡೆದದ್ದು ಬ್ರಿಟನ್ನಿನ ಅಂಚೆ ಸಂಸ್ಥೆಯಾದ ಪೋಸ್ಟ್ ಆಫೀಸಿನಲ್ಲಿ. ಅಲ್ಲಿ ಊರೂರಿನ ಅಂಗಡಿಯವರೇ ಮೂಲೆಯಲ್ಲಿ ಅಂಚೆ ಕೌಂಟರ್ ಇಟ್ಟುಕೊಂಡು ಸಬ್ ಪೋಸ್ಟ್‌ಮಾಸ್ಟರ್ ಆಗಿರುತ್ತಾರೆ. 1999ರಿಂದ ಅವರ ಲೆಕ್ಕವೆಲ್ಲ ಹೊರೈಜನ್ ಎಂಬ ಸಾಫ್ಟ್‌ವೇರಿಗೆ ಸೇರಿತು. ಅದನ್ನು ನಡೆಸಿದ್ದು ಫುಜಿತ್ಸು ಕಂಪನಿ. ಸಂಜೆ ಲೆಕ್ಕ ಮುಗಿಸುವಾಗ ಪರದೆಯ ಮೇಲೆ ಕ್ಯಾಶ್ ಶಾರ್ಟ್ ತೋರಿಸತೊಡಗಿತು. ಕರಾರಿನ ಪ್ರಕಾರ ಕಡಿಮೆ ಬಿದ್ದದ್ದನ್ನು ಅಂಗಡಿಯವರೇ ತುಂಬಬೇಕು. ಮನೆ ಅಡವಿಟ್ಟು ತುಂಬಿದರು, ಮತ್ತೆ ಕಡಿಮೆ ಬಿತ್ತು. ಸಹಾಯವಾಣಿಗೆ ಕರೆ ಮಾಡಿದ ಎಷ್ಟೋ ಜನರಿಗೆ ಸಿಕ್ಕ ಉತ್ತರ ಒಂದೇ: ಈ ತೊಂದರೆ ನಿಮಗೊಬ್ಬರಿಗೇ. 2015ರವರೆಗೆ ಒಂಬೈನೂರಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳು ಲೆಕ್ಕದಂಥ ಅಪರಾಧಗಳಿಗೆ ಶಿಕ್ಷೆಗೊಳಗಾದರು. ಸುಮಾರು ಏಳುನೂರು ಮೊಕದ್ದಮೆ ಹೂಡಿದ್ದು ಪೋಸ್ಟ್ ಆಫೀಸೇ. ದೂರುದಾರ, ತನಿಖಾಧಿಕಾರಿ, ಸರ್ಕಾರಿ ವಕೀಲ ಮೂರೂ ತಾನೇ ಆಗಿ.

ಭಾರತ ಮೂಲದ ಸೀಮಾ ಮಿಶ್ರಾ ಸರ್ರೆಯ ವೆಸ್ಟ್ ಬೈಫ್ಲೀಟಿನಲ್ಲಿ ಅಂಥ ಒಂದು ಅಂಗಡಿ ನಡೆಸುತ್ತಿದ್ದವರು. 74,000 ಪೌಂಡ್ ಕದ್ದರೆಂದು 2010ರ ನವೆಂಬರಿನಲ್ಲಿ ಹದಿನೈದು ತಿಂಗಳ ಜೈಲುಶಿಕ್ಷೆಯಾದಾಗ ಅವರು ಬಸುರಿ. ಅಂದು ಮೊದಲ ಮಗನಿಗೆ ಹತ್ತು ವರ್ಷ ತುಂಬಿತ್ತು. ನಿರ್ದೋಷಿಯೆಂದು ತೀರ್ಪು ಬಂದದ್ದು 2021ರ ಏಪ್ರಿಲ್ 23ರಂದು, ಇನ್ನೂ ಮೂವತ್ತೆಂಟು ಜನರ ಜೊತೆ.

ವೇಲ್ಸಿನ ಆಲನ್ ಬೇಟ್ಸ್ ಮುಂದೆ ನಿಂತು, 555 ಜನ ಸೇರಿ ಹೂಡಿದ ದಾವೆ 2019ರ ಡಿಸೆಂಬರಿನಲ್ಲಿ 5.775 ಕೋಟಿ ಪೌಂಡಿಗೆ ರಾಜಿಯಾಯಿತು. ವಕೀಲರದು, ದಾವೆಗೆ ಹಣ ಹೂಡಿದವರದು ಕಳೆದು ಉಳಿದದ್ದು 1.2 ಕೋಟಿ, ತಲೆಗೆ ಇಪ್ಪತ್ತು ಸಾವಿರ ಪೌಂಡಿನಷ್ಟು. ನ್ಯಾಯಾಲಯದ ಖರ್ಚಿನಲ್ಲಿ ಎಮ್ಮೆ ಮಾರಿ ಹಗ್ಗ ಗೆದ್ದವರ ಕಥೆಗಳು ಕೋಲಾರದ ಜಮೀನು ವ್ಯಾಜ್ಯಗಳಲ್ಲೂ ಬೇಕಾದಷ್ಟಿವೆ. 2024ರ ಜನವರಿಯಲ್ಲಿ ಟಿವಿ ಧಾರಾವಾಹಿಯೊಂದು ಬಂದು ದೇಶವೆಲ್ಲ ಕೆರಳಿದ ಮೇಲಷ್ಟೇ, ಮೇ ತಿಂಗಳಲ್ಲಿ, ಶಿಕ್ಷೆಗಳನ್ನು ಒಟ್ಟಾಗಿ ರದ್ದುಮಾಡುವ ಕಾನೂನು ಪಾಸಾಯಿತು. ಶಿಕ್ಷೆ ರದ್ದಾದವರಿಗೆ ಆರು ಲಕ್ಷ ಪೌಂಡಿನ ಇಡಿಗಂಟು ಪರಿಹಾರ ಗೊತ್ತಾಯಿತು. ಸರ್ ವಿನ್ ವಿಲಿಯಮ್ಸ್ ವಿಚಾರಣಾ ಆಯೋಗದ ವರದಿಯ ಮೊದಲ ಸಂಪುಟ 2025ರ ಜುಲೈಯಲ್ಲಿ ಬಂತು. ಹದಿಮೂರು ಜನರ ಆತ್ಮಹತ್ಯೆಗೆ ಈ ಪ್ರಕರಣ ಕಾರಣವಾಗಿರಬಹುದು ಎಂಬ ಮಾತು ಅದರಲ್ಲಿದೆ.

ಇಷ್ಟು ವರ್ಷ ಇದು ನಡೆದದ್ದು ಹೇಗೆ? ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕಾದ ಹೊಣೆಯನ್ನು ಬ್ರಿಟನ್ 1999ರ ಒಂದು ಕಾನೂನಿನಿಂದ ಕೈಬಿಟ್ಟಿತ್ತು. ಯಂತ್ರ ಸರಿಯಿದೆ ಎಂದೇ ಕೋರ್ಟು ಭಾವಿಸಬೇಕು. ಸರಿಯಿಲ್ಲ ಎನ್ನುವವರು ಸಾಬೀತು ಮಾಡಬೇಕು. ಸಾಬೀತು ಮಾಡಲು ಬೇಕಾದ ದಾಖಲೆಯೆಲ್ಲ ಇದ್ದದ್ದು ಎದುರು ಪಕ್ಷದ ಕಪಾಟಿನಲ್ಲಿ.

ಭಾರತದ ಕಾನೂನು ಕಾಗದದ ಮೇಲಾದರೂ ಇದಕ್ಕಿಂತ ವಾಸಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಕಂಪ್ಯೂಟರಿನ ದಾಖಲೆ ತರುವವರು ಅದು ಸರಿಯಾಗಿ ನಡೆಯುತ್ತಿತ್ತೆಂದು ಪ್ರಮಾಣಪತ್ರ ಕೊಡಬೇಕು, ಪರಿಣತರೊಬ್ಬರ ಸಹಿಯೂ ಬೇಕು. ಸಂಬಳ ಬಾಕಿಯೆಂದು ಅರ್ಜಿ ಹಾಕಿದರೆ, ಕೊಟ್ಟಿದ್ದೇವೆಂದು ಸಾಬೀತು ಮಾಡುವ ಹೊಣೆ ಮಾಲೀಕರದೇ ಎಂದು 2019ರ ವೇತನ ಸಂಹಿತೆಯ 59ನೇ ಕಲಮು ಹೇಳುತ್ತದೆ. ಆದರೆ ಈ ಕಲಮುಗಳಿಗೆ ಜೀವ ಬರುವುದು ಅರ್ಜಿ ಹಾಕಿದ ಮೇಲೆ. ಗುತ್ತಿಗೆಯ ಹುಡುಗ ಅರ್ಜಿ ಹಾಕುವ ಹೊತ್ತಿಗೆ ಅವನ ಪಾಸು ಗೇಟಿನಲ್ಲಿ ನಡೆಯದಂತೆ ಆಗಿರುತ್ತದೆ. ಆದ್ದರಿಂದ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ದುಡಿಯುವವರು ದಿನಾ ಒಳಹೋದ, ಹೊರಬಂದ ವೇಳೆಯನ್ನು ಸ್ವಂತ ಕೈಯಿಂದ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು, ಪ್ರತಿ ತಿಂಗಳು ಸಂಬಳದ ಚೀಟಿ ಕೇಳಿ ಪಡೆಯಬೇಕು.

ಇನ್ನು ಸುಳ್ಳು ಆರೋಪಕ್ಕೆ ಪರಿಹಾರ. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರ ಬಂಧನ 1994ರಲ್ಲಿ. ಸುಪ್ರೀಂ ಕೋರ್ಟು ಐವತ್ತು ಲಕ್ಷ ಕೊಡಿಸಿದ್ದು 2018ರಲ್ಲಿ. ಅದೇ ವರ್ಷ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ, ತಪ್ಪಾಗಿ ಮೊಕದ್ದಮೆಗೆ ಸಿಕ್ಕವರಿಗೆ ಪರಿಹಾರ ಕೊಡಲು ಪ್ರತ್ಯೇಕ ಕಾನೂನು, ವಿಶೇಷ ನ್ಯಾಯಾಲಯ ಬೇಕೆಂದು ಶಿಫಾರಸು ಮಾಡಿತು. 2023ರಲ್ಲಿ ಅಪರಾಧ ಸಂಹಿತೆಗಳನ್ನೇ ಬದಲಿಸಿ ಬರೆದಾಗ ಆ ಶಿಫಾರಸಿಗೆ ಅವುಗಳಲ್ಲಿ ಜಾಗ ಸಿಗಲಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 358ನೇ ಕಲಮು ಮಾತ್ರ ಹೊಸದರಲ್ಲಿ 399 ಎಂದು ಸಂಖ್ಯೆ ಬದಲಿಸಿಕೊಂಡು ಉಳಿದಿದೆ. ಕಾರಣವಿಲ್ಲದೆ ಒಬ್ಬರನ್ನು ಪೊಲೀಸರಿಂದ ಬಂಧನ ಮಾಡಿಸಿದವರು ಅವರಿಗೆ ಪರಿಹಾರ ಕೊಡಬೇಕೆಂದು ಮ್ಯಾಜಿಸ್ಟ್ರೇಟರು ಆ ಕಲಮಿನಡಿ ಆದೇಶಿಸಬಹುದು. ಅದರ ಮಿತಿ ಒಂದು ಸಾವಿರ ರೂಪಾಯಿ.