ಕ್ಯಾಮೆರಾಕ್ಕೂ ಬೇಕು ಮಶ್ಕ್

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)

 

ಛಾಯಾಗ್ರಹಣ ಎಂಬ ಹವ್ಯಾಸದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ಉರ್ದು ಮತ್ತು ಕನ್ನಡ ಪಾಠ ಮಾಡುವ ಮಾಸ್ತರ. ಛಾಯಾಗ್ರಹಣದಲ್ಲಿ ನನಗೆ ಪದವಿಯೂ ಇಲ್ಲ, ಬಹುಮಾನವೂ ಬಂದಿಲ್ಲ. ಆರು ವರ್ಷಗಳಿಂದ ಭಾನುವಾರ ಬೆಳಿಗ್ಗೆ ನಮ್ಮ ವಿಜಯಪುರದ ಓಣಿಗಳಲ್ಲಿ, ಸ್ಮಾರಕಗಳ ಅಂಗಳದಲ್ಲಿ ಕ್ಯಾಮೆರಾ ಹಿಡಿದು ಅಲೆದಿದ್ದೇನೆ, ಅಷ್ಟೇ. ಆದ್ದರಿಂದ ನಾನು ತೆಗೆದ ಒಳ್ಳೆಯ ಚಿತ್ರದ ಕಥೆ ಹೇಳುವುದಿಲ್ಲ. ಕೆಡಿಸಿದ ಒಂದು ಚಿತ್ರದ ಕಥೆಯಿಂದ ಪ್ರಾರಂಭಿಸುತ್ತೇನೆ.

ನಾನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಒಬ್ಬ ಕಾತಿಬ್ ಸಾಹೇಬರಿದ್ದರು. ಮದುವೆ ರುಖಾ, ಅಂಗಡಿ ಬೋರ್ಡು, ಮದರಸಾದ ಸನದು ಎಲ್ಲವನ್ನೂ ಕೈಯಲ್ಲೇ ಬರೆಯುತ್ತಿದ್ದರು. ನಮಗೆ ತಖ್ತಿ ತಿದ್ದಿಸಿದವರೂ ಅವರೇ. ಎಂಟು ದಿನ ಕಳೆದರೂ ಅವರು ಅಲಿಫ್ ಬಿಟ್ಟು ಮುಂದೆ ಹೋಗುತ್ತಿರಲಿಲ್ಲ. ನಾವು ಗೊಣಗಿದರೆ ನಕ್ಕು, "ಬೇಟಾ, ಪಹಲೇ ಮಶ್ಕ್" ಎನ್ನುತ್ತಿದ್ದರು. ಮಶ್ಕ್ ಎಂದರೆ ಅಭ್ಯಾಸ. ಒಂದೇ ಅಕ್ಷರವನ್ನು ಕೈ ತಾನಾಗಿಯೇ ಬರೆಯುವವರೆಗೆ ಮತ್ತೆ ಮತ್ತೆ ತಿದ್ದುವುದು. 1994ರಲ್ಲಿ ಇನ್‌ಪೇಜ್ ತಂತ್ರಾಂಶ ಬಂದ ಮೇಲೆ ಉರ್ದು ಅಕ್ಷರಗಳು ಕ್ರಮೇಣ ಕಂಪ್ಯೂಟರಿಗೆ ಹೋದವು. ಕಾತಿಬರ ಬಳಿ ಕೆಲಸ ಕಡಿಮೆಯಾಯಿತು. ಆದರೂ ಅವರು ದಿನವೂ ಕಲಮು ಹಿಡಿದು ಕೂಡುತ್ತಿದ್ದರು.

ಆರು ವರ್ಷಗಳ ಹಿಂದೆ ಒಂದು ಹಳೆಯ ಡಿಜಿಟಲ್ ಕ್ಯಾಮೆರಾವನ್ನು ಕೊಂಡ ಮೊದಲ ವಾರವೇ ಅವರ ಮನೆಗೆ ಓಡಿದೆ. ಅವರು ಕಿಟಕಿಗೆ ಬೆನ್ನು ಮಾಡಿ ಕುಳಿತು ಬರೆಯುತ್ತಿದ್ದರು. ಅನುಮತಿ ಕೇಳಿ ಹತ್ತು ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ಕಿಟಕಿ ಬೆಳ್ಳಗೆ ಹೊಳೆಯುತ್ತಿದೆ, ಮುಖ ಕಪ್ಪಾಗಿದೆ, ಬರೆಯುವ ಕೈ ಅಲುಗಿ ಹೊಗೆಯಂತಾಗಿದೆ. 'ಇರಲಿ, ಇನ್ನೊಮ್ಮೆ ಹೋದರಾಯಿತು' ಎಂದುಕೊಂಡೆ. ಮೂರು ತಿಂಗಳಲ್ಲಿ ಅವರು ತೀರಿಕೊಂಡರು.

ಕೆಲವು ದಿನಗಳ ನಂತರ ಅವರ ಮಗ ಶಾಲೆಗೆ ಬಂದು, "ಮಾಸ್ಟರ್ ಸಾಬ್, ಅಬ್ಬಾ ಬರೆಯುತ್ತಿರುವ ಫೋಟೊ ನಿಮ್ಮ ಹತ್ತಿರ ಇದೆಯಂತಲ್ಲ, ಕೊಡ್ತೀರಾ?" ಎಂದು ಕೇಳಿದರು. ಇದ್ದುದರಲ್ಲಿ ವಾಸಿಯಾದ ಒಂದನ್ನು ಕೊಟ್ಟೆ. ಬಹಳ ಹೊತ್ತು ನೋಡಿ, "ಇರಲಿ, ಟೋಪಿ ನೋಡಿದರೆ ಅಬ್ಬಾ ಅಂತ ಗೊತ್ತಾಗ್ತದೆ" ಎಂದರು. ಅವರು ಸಮಾಧಾನ ಹೇಳಲೆಂದೇ ಹಾಗೆ ಅಂದರು. ನನಗೆ ಮಾತ್ರ ಅಂದು ರಾತ್ರಿ ನಿದ್ದೆ ಬರಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ತಪ್ಪು ಕ್ಯಾಮೆರಾದ್ದಲ್ಲ. ಆ ಕೋಣೆಯಲ್ಲಿ ಮಾಡಬೇಕಾದದ್ದು ಎರಡೇ ಕೆಲಸ. ಅವರು ಕಿಟಕಿಗೆ ಎದುರಾಗಿ ಅಥವಾ ಓರೆಯಾಗಿ ಕೂಡುವಂತೆ ವಿನಂತಿಸಬೇಕಿತ್ತು. ಬೆಳಕು ಬೆನ್ನ ಹಿಂದೆ ಇದ್ದರೆ ಕ್ಯಾಮೆರಾ ಆ ಪ್ರಖರತೆಗೆ ಹೊಂದಿಕೊಂಡು ಮುಖವನ್ನು ಕಪ್ಪಾಗಿಸುತ್ತದೆ. ಎರಡನೆಯದಾಗಿ, ನಾನು ಐಎಸ್‌ಒ ಸಂಖ್ಯೆಯನ್ನು 100ರಲ್ಲೇ ಬಿಟ್ಟಿದ್ದೆ. ಷಟರ್ ಸೆಕೆಂಡಿನ 15ನೇ ಒಂದು ಭಾಗದಷ್ಟು ಹೊತ್ತು ತೆರೆದೇ ಇತ್ತು. ಅಷ್ಟರಲ್ಲಿ ಕಲಮು ಅರ್ಧ ಅಕ್ಷರ ದಾಟುತ್ತದೆ. ಐಎಸ್‌ಒವನ್ನು 200, 400, 800, 1600 ಎಂದು ನಾಲ್ಕು ಮೆಟ್ಟಿಲು ಏರಿಸಿದ್ದರೆ, ಷಟರ್ ವೇಗವೂ 30, 60, 125, 250 ಎಂದು ನಾಲ್ಕು ಮೆಟ್ಟಿಲು ಏರುತ್ತಿತ್ತು. ಸೆಕೆಂಡಿನ 250ನೇ ಒಂದು ಭಾಗದಲ್ಲಿ ಆ ಕೈ ಸ್ಪಷ್ಟವಾಗಿ ಬರುತ್ತಿತ್ತು. ಚಿತ್ರ ಸ್ವಲ್ಪ ಕಾಳುಕಾಳಾಗಿ ಕಾಣುತ್ತಿತ್ತು, ಕಾಣಲಿ ಬಿಡಿ.

ಈ ಮಾತುಗಳನ್ನು ನಾನು ಪುಸ್ತಕದಲ್ಲಿ ಓದಿರಲಿಲ್ಲವೆಂದಲ್ಲ. ಓದಿದ್ದೆ, ಆದರೆ ಸಮಯಕ್ಕೆ ನೆನಪಾಗಲಿಲ್ಲ. ಓದಿದ್ದು ಕೈಗೆ ಇಳಿಯಬೇಕಾದರೆ ಮಶ್ಕ್ ಬೇಕು. ಅಂದಿನಿಂದ ನಾನು ಛಾಯಾಗ್ರಹಣವನ್ನು ತಖ್ತಿ ತಿದ್ದುವಂತೆಯೇ ಕಲಿಯಲು ನಿಶ್ಚಯಿಸಿದೆ.

ಹೇಗೆ ಕಲಿತೆ? ಹಂಪಿಗೋ ಕಾಶ್ಮೀರಕ್ಕೋ ಹೋಗಲಿಲ್ಲ. ನಾವು ನಾಲ್ಕು ಮಂದಿ ಗೆಳೆಯರು ಸೇರಿದೆವು: ಮದುವೆ ಫೋಟೊ ತೆಗೆಯುವ ಒಬ್ಬರು, ಬ್ಯಾಂಕ್ ನೌಕರರೊಬ್ಬರು, ಒಬ್ಬ ಕಾಲೇಜು ಹುಡುಗ ಮತ್ತು ನಾನು. ತಿಂಗಳಿಗೆ ಒಂದೇ ಜಾಗ, ಆ ತಿಂಗಳ ನಾಲ್ಕೂ ಭಾನುವಾರ ಅಲ್ಲಿಗೇ ಹೋಗಬೇಕು. ಒಬ್ಬರಿಗೆ 36 ಚಿತ್ರ ಮಾತ್ರ, ಹಿಂದೆ ಫಿಲ್ಮ್ ರೋಲಿನಲ್ಲಿ ಇರುತ್ತಿದ್ದಷ್ಟು. ಕೊನೆಗೆ ಚಹಾದಂಗಡಿಯಲ್ಲಿ ಕುಳಿತು ಪ್ರತಿಯೊಬ್ಬರೂ ಒಂದೇ ಒಂದು ಚಿತ್ರ ತೋರಿಸಬೇಕು, ಉಳಿದವರು ಅದರ ದೋಷ ಹೇಳಬೇಕು. ಮೊದಮೊದಲು ಮುಖ ಸಿಂಡರಿಸುತ್ತಿದ್ದೆವು. ಬರಬರುತ್ತಾ ದೋಷ ಹೇಳದಿದ್ದರೇ ಬೇಸರವಾಗತೊಡಗಿತು.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದರಿಂದ ಏನು ಸಿಗುತ್ತದೆ? ಬೆಳಕಿನ ಪರಿಚಯ ಸಿಗುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. 16ನೇ ಶತಮಾನದಲ್ಲಿ ಒಂದನೇ ಅಲಿ ಆದಿಲ್ ಶಾಹ್ ಕಟ್ಟಿಸಲಾರಂಭಿಸಿದ ನಮ್ಮ ಜಾಮಿಯಾ ಮಸೀದಿಗೆ ನಾನು ಎಷ್ಟೋ ಸಾರಿ ಸಂಜೆ ಹೋಗಿ, ಕಮಾನುಗಳೆಲ್ಲ ಮಂಕಾಗಿ ಬಂದವೆಂದು ಕೊರಗಿದ್ದೆ. ಮೂರನೆಯ ಭಾನುವಾರ ಬೆಳಿಗ್ಗೆ ಹೋದಾಗ ಕಣ್ಣು ತೆರೆಯಿತು. ನಮ್ಮ ದೇಶದಲ್ಲಿ ಕಿಬ್ಲಾ ಪಶ್ಚಿಮದ ಕಡೆಗಿದೆ. ಆದ್ದರಿಂದ ಮಸೀದಿಯ ಕಮಾನುಗಳ ಮುಖ ಪೂರ್ವಕ್ಕಿರುತ್ತದೆ. ಬೆಳಗಿನ ಬಿಸಿಲು ನೇರವಾಗಿ ಅವುಗಳ ಮೇಲೆ ಬೀಳುತ್ತದೆ, ಸಂಜೆ ಅವು ನೆರಳಿನಲ್ಲಿರುತ್ತವೆ. ಚಿಕ್ಕಂದಿನಿಂದ ನಮಾಜಿಗೆ ನಿಂತವನಿಗೆ ಇಷ್ಟು ಹೊಳೆಯಲು ಮೂರು ವಾರ ಬೇಕಾಯಿತು!

ಇಬ್ರಾಹಿಂ ರೋಜಾದಲ್ಲಿ ಇದೇ ಪಾಠ ಇನ್ನೂ ಸೊಗಸಾಗಿದೆ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ್‌ನ ಸಮಾಧಿ ಅದು. ಒಂದೇ ಜಗಲಿಯ ಮೇಲೆ ಪೂರ್ವಕ್ಕೆ ಸಮಾಧಿ, ಪಶ್ಚಿಮಕ್ಕೆ ಮಸೀದಿ, ನಡುವೆ ಕೊಳ. ನಡುವೆ ನಿಂತರೆ ಬೆಳಿಗ್ಗೆ ಮಸೀದಿಯ ಮುಖ ಬೆಳಗುತ್ತದೆ, ಸಂಜೆ ಸಮಾಧಿಯ ಮುಖ ಬೆಳಗುತ್ತದೆ. ಸಮಾಧಿಯ ಕಿಟಕಿಗಳಲ್ಲಿ ಅರಬ್ಬಿ ಅಕ್ಷರಗಳನ್ನೇ ಹೆಣೆದು ಕಲ್ಲಿನ ಜಾಲರಿ ಮಾಡಿದ್ದಾರೆ. ಓರೆ ಬಿಸಿಲಿನಲ್ಲಿ ಗೋಡೆಯ ಕೆತ್ತನೆ ಎದ್ದು ಕಾಣುತ್ತದೆ, ನಡುಮಧ್ಯಾಹ್ನ ಚಪ್ಪಟೆಯಾಗುತ್ತದೆ. ಕಲ್ಲು ಅದೇ, ಕೆತ್ತನೆ ಅದೇ, ಬದಲಾಗುವುದು ಬೆಳಕು ಮಾತ್ರ.

ಒಳಗಿನ ಮಬ್ಬಿನಲ್ಲಿ ಟ್ರೈಪಾಡ್ ಬೇಕೆನಿಸುತ್ತದೆ. ಆದರೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಪಡೆಯಬೇಕು. ನಾವು ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಕಾಲು ಅಗಲಿಸಿ ನಿಂತು, ಉಸಿರು ಅರ್ಧ ಬಿಟ್ಟು ಗುಂಡಿ ಒತ್ತುವುದನ್ನು ಅಭ್ಯಾಸ ಮಾಡಿದೆವು. ಇದು ಮೊಬೈಲಿಗೂ ಅನ್ವಯಿಸುತ್ತದೆ. ಮೊಬೈಲಿನಲ್ಲಿ ಮುಖದ ಮೇಲೆ ಬೆರಳಿಟ್ಟರೆ ಬೆಳಕಿನ ಲೆಕ್ಕ ಆ ಮುಖಕ್ಕೆ ಹೊಂದಿಕೊಳ್ಳುತ್ತದೆ. ಹಾಗಾಗಿ 'ನನ್ನ ಹತ್ತಿರ ಕ್ಯಾಮೆರಾ ಇಲ್ಲ' ಎಂದು ಯಾರೂ ಕೈಕಟ್ಟಿ ಕೂಡಬೇಕಿಲ್ಲ.

ಬೆಳಕನ್ನು ಹೀಗೆ ಪರೀಕ್ಷೆ ಮಾಡಿಯೇ ತಿಳಿಯಬೇಕೆಂದು ಸಾವಿರ ವರ್ಷಗಳ ಹಿಂದೆಯೇ ತೋರಿಸಿಕೊಟ್ಟವರು ಇಬ್ನ್ ಅಲ್ ಹೈಸಮ್. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿದ ಅವರು ಕಿತಾಬ್ ಅಲ್ ಮನಾಝಿರ್ ಎಂಬ ಮಹಾಗ್ರಂಥ ಬರೆದರು. ಒಂದು ರಂಧ್ರದ ಮುಂದೆ ಹಲವು ದೀಪಗಳನ್ನಿಟ್ಟರೆ ಕತ್ತಲೆ ಕೋಣೆಯ ಗೋಡೆಯ ಮೇಲೆ ಅಷ್ಟೇ ಬೆಳಕಿನ ಚುಕ್ಕೆಗಳು ಮೂಡುತ್ತವೆ. ಒಂದು ದೀಪಕ್ಕೆ ಮರೆ ಹಿಡಿದರೆ ಅದರ ಚುಕ್ಕೆ ಮಾತ್ರ ಮಾಯವಾಗುತ್ತದೆ. ಬೆಳಕು ನೇರವಾಗಿ ಚಲಿಸುತ್ತದೆ, ಒಂದರೊಡನೊಂದು ಬೆರೆತುಹೋಗುವುದಿಲ್ಲ ಎಂದು ಅವರು ಹೀಗೆ ತೋರಿಸಿದರು. ನಾವು ನಮ್ಮ ಒಂಬತ್ತನೇ ತರಗತಿಯ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿ ಒಂದು ಸಣ್ಣ ತೂತು ಮಾಡಿದೆವು. ಎದುರಿನ ಗೋಡೆಯ ಮೇಲೆ ರಸ್ತೆ ತಲೆಕೆಳಗಾಗಿ ಮೂಡಿತು. ಆಟೊ ತಲೆಕೆಳಗಾಗಿ ಓಡಿದ್ದನ್ನು ಕಂಡು ಮಕ್ಕಳು ಚಪ್ಪಾಳೆ ತಟ್ಟಿದರು. ಖರ್ಚು, ಎರಡು ಹಾಳೆ ಕಾಗದ.

ವಿದ್ಯಾರ್ಥಿನಿಯರಿಗೆ ವಿಶೇಷವಾಗಿ ಒಂದು ಮಾತು. 1913ರಲ್ಲಿ ನವಸಾರಿಯಲ್ಲಿ ಜನಿಸಿದ ಹೋಮಾಯಿ ವ್ಯಾರಾವಾಲಾ ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಅವರ ಆರಂಭದ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. 2011ರಲ್ಲಿ ಪದ್ಮವಿಭೂಷಣ ಬಂದದ್ದು ಅವರದೇ ಹೆಸರಿಗೆ. ನಡುವಿನ ದಾರಿ ಎಷ್ಟು ಉದ್ದವಿತ್ತೆಂದು ನೀವೇ ಊಹಿಸಿ.

ಇನ್ನು ಅದಬ್‌ನ ವಿಷಯ. ಕಲ್ಲಿನ ಕಟ್ಟಡಕ್ಕೆ ನಾವು ಕೇಳಬೇಕಿಲ್ಲ, ಮನುಷ್ಯರನ್ನು ಕೇಳಲೇಬೇಕು. ಹಿರಿಯರು ಬೇಡವೆಂದರೆ ವಾದ ಮಾಡದೆ ಸಲಾಂ ಹೇಳಿ ಬನ್ನಿ. ನಮ್ಮಲ್ಲಿ ಮುಖದ ಚಿತ್ರವೇ ಬೇಡವೆನ್ನುವವರೂ ಇದ್ದಾರೆ. ಅಂಥವರ ಒಪ್ಪಿಗೆ ಪಡೆದು ಅವರ ಕೈಕೆಲಸವನ್ನೋ ಉಪಕರಣವನ್ನೋ ತೆಗೆಯಬಹುದು. ಹೆಣ್ಣುಮಕ್ಕಳ, ಮಕ್ಕಳ ಚಿತ್ರ ತೆಗೆದು ಕೇಳದೆ ಹಂಚುವುದು ಹವ್ಯಾಸವಲ್ಲ, ಅಪರಾಧ. ತೆಗೆದ ಚಿತ್ರದ ಒಂದು ಪ್ರತಿಯನ್ನು ಅವರಿಗೆ ತಲುಪಿಸಿ. ಮುಂದಿನ ಸಲ ಅವರೇ ಕರೆದು ಕೂಡಿಸುತ್ತಾರೆ.

ಕೊನೆಯದಾಗಿ ನಿಮಗೊಂದು ಮನೆಪಾಠ. ನಿಮ್ಮ ಓಣಿಯಲ್ಲೂ ಕಲಾಯಿ ಹಾಕುವವರು, ಹಾಸಿಗೆ ಹೊಲಿಯುವವರು, ಬೀಡಿ ಕಟ್ಟುವ ಅಜ್ಜಿಯರು ಇದ್ದಾರೆ. ಅವರ ಬಳಿಗೆ ಇವತ್ತೇ ಓಡಬೇಡಿ. ಮೊದಲು ನಾಲ್ಕು ಭಾನುವಾರ ನಿಮ್ಮ ಮನೆಯ ಕಿಟಕಿಯ ಪಕ್ಕದಲ್ಲಿ ತಮ್ಮನನ್ನೋ ತಂಗಿಯನ್ನೋ ಕೂಡಿಸಿ, ಒಮ್ಮೆ ಬೆಳಕಿಗೆ ಬೆನ್ನು, ಒಮ್ಮೆ ಓರೆ, ಒಮ್ಮೆ ಎದುರು, ಹೀಗೆ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿ. ಐದನೆಯ ಭಾನುವಾರ ಆ ಹಿರಿಯರ ಮನೆಗೆ ಹೋಗಿ. ಆದರೆ ಐದನೆಯದನ್ನು ಹದಿನೈದನೆಯದಕ್ಕೆ ಮುಂದೂಡಬೇಡಿ. ನಾನು ಮುಂದೂಡಿದೆ.

ಕಾತಿಬ್ ಸಾಹೇಬರ ಆ ಕಪ್ಪು ಚಿತ್ರವನ್ನು ನಾನು ಅಳಿಸಿಲ್ಲ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಮೊದಲು ಅದನ್ನೇ ತೋರಿಸುತ್ತೇನೆ. ಬದುಕಿದ್ದಾಗ ಅಲಿಫ್ ಕಲಿಸಿದ ಗುರುಗಳು, ಹೋದ ಮೇಲೂ ಮಶ್ಕ್ ಮಾಡಿಸುತ್ತಿದ್ದಾರೆ.