ಹೆಸರು ಒಂದೇ, ನೂಲು ಯಾವುದು?

(ಜೂನ್ 24: ಸ್ನಾನಿಕ ಯೊವಾನ್ನರ ಜನನ ಮಹೋತ್ಸವ. ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಭಕ್ತಾದಿಗಳಿಗೆ ನೀಡಿದ ಪ್ರಬೋಧನೆ. ಶುಭಸಂದೇಶ: ಲೂಕ 1:57-66, 80)



ಮಗು ಹುಟ್ಟಿ ಎಂಟನೆಯ ದಿನ. ಮನೆ ತುಂಬ ನೆಂಟರು. ಅಪ್ಪನ ಹೆಸರನ್ನೇ ಇಡೋಣ ಎಂದು ಎಲ್ಲರ ಒತ್ತಾಯ. ಎಲಿಜಬೇತಮ್ಮನವರು ಒಪ್ಪಲಿಲ್ಲ. ಮಾತು ನಿಂತುಹೋಗಿದ್ದ ಜಕರೀಯರು ಹಲಗೆ ತರಿಸಿ 'ಯೊವಾನ್ನ' ಎಂದು ಬರೆದರು. ಕೂಡಲೇ ಅವರ ನಾಲಿಗೆ ಸಡಿಲವಾಯಿತು. 'ದೇವರು ಕೃಪೆ ತೋರಿದ್ದಾರೆ' ಎಂಬುದು ಆ ಹೆಸರಿನ ಅರ್ಥ. ಯೊವಾನ್ನರು ಆ ಅರ್ಥವನ್ನು ಬದುಕಿ ತೋರಿಸಿದರು.

ನಮ್ಮ ಮನೆಗಳಲ್ಲೂ ಹೆಸರಿನ ವಿಷಯಕ್ಕೆ ಚರ್ಚೆ ಕಡಿಮೆಯೇನಲ್ಲ. ಅಜ್ಜನ ಹೆಸರೋ, ಸಿನಿಮಾದವರ ಹೆಸರೋ? ಎಷ್ಟೋ ಮಕ್ಕಳಿಗೆ ಶಾಲೆಯ ದಾಖಲೆಯಲ್ಲೊಂದು ಹೆಸರು, ಜ್ಞಾನಸ್ನಾನದ ಪುಸ್ತಕದಲ್ಲೊಂದು ಹೆಸರು. ಅದಕ್ಕೆ ಅವರವರ ಕಷ್ಟದ ಕಾರಣಗಳಿವೆ, ನಾನು ದೂರುವುದಿಲ್ಲ. ಆದರೆ ಪುಸ್ತಕದಲ್ಲಿರುವ ಆ ಹೆಸರು ಅಲ್ಲೇ ಮಲಗಿಬಿಟ್ಟಿದೆಯೇ ಎಂದು ಇಂದು ಕೇಳಿಕೊಳ್ಳೋಣ.

ಮಂಗಳೂರು, ಬೆಂಗಳೂರಿನ ಕಡೆ ಹಿಲ್ಡಾ, ಎಡಿತ್, ಮಿಲ್ಡ್ರೆಡ್, ಆಡ್ರಿ ಎಂಬ ಹೆಸರಿನ ಅಮ್ಮಂದಿರಿದ್ದಾರೆ. ಇವೆಲ್ಲ ಸಾವಿರ ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಬಾಳಿದ ಸಂತ ಸ್ತ್ರೀಯರ ಹೆಸರುಗಳು. ಇವರಲ್ಲಿ ಆಡ್ರಿಯವರ ಸ್ಮರಣೆ ಜೂನ್ 23, ಅಂದರೆ ನಿನ್ನೆ. ಅವರ ಮೂಲ ಹೆಸರು ಎಥೆಲ್ಡ್ರೆಡಾ. 'ಕುಲೀನ ಬಲ' ಎಂದು ಅರ್ಥ. ರಾಜನ ಮಗಳು, ಮುಂದೆ ರಾಣಿ. ಸಿಂಹಾಸನ ಬಿಟ್ಟು ಸನ್ಯಾಸಿನಿಯಾಗಿ, 673ರಲ್ಲಿ ಈಲಿ ಎಂಬಲ್ಲಿ ಮಠ ಕಟ್ಟಿದರು. ಅವರ ಬಾಳನ್ನು ಸಂತ ಬೀಡರು ಬರೆದಿಟ್ಟಿದ್ದಾರೆ. ನುಣುಪಾದ ನಾರುಬಟ್ಟೆ ತೊರೆದು ಉಣ್ಣೆಯನ್ನೇ ಉಟ್ಟರಂತೆ. ದೊಡ್ಡ ಹಬ್ಬಗಳ ಮುನ್ನ ಮಠದ ಸೋದರಿಯರಿಗೆಲ್ಲ ಸ್ನಾನ ಮಾಡಿಸಿ, ಕೊನೆಗೆ ತಾವು ಸ್ನಾನ ಮಾಡುತ್ತಿದ್ದರಂತೆ. ಕಂಬಳಿ ನೇಯುವ ಚಳ್ಳಕೆರೆಯವರಿಗೆ ಉಣ್ಣೆಯ ಒರಟುತನ ನಾನು ಹೇಳಬೇಕಿಲ್ಲ.

ಅವರ ಕೊರಳಲ್ಲಿ ಗಡ್ಡೆ ಎದ್ದಿತು. ಎಳೆತನದಲ್ಲಿ ಕೊರಳ ತುಂಬ ಒಡವೆ ಹೇರಿಕೊಂಡು ಮೆರೆದದ್ದಕ್ಕೆ ಇದು ಪ್ರಾಯಶ್ಚಿತ್ತವೆಂದು ಅವರು ಸಂತೋಷದಿಂದಲೇ ಸಹಿಸಿದರು. 679ರಲ್ಲಿ ತೀರಿಕೊಂಡರು.

ಮುಂದಿನ ಕಥೆ ಕೇಳಿ. ಈಲಿಯಲ್ಲಿ ಸಂತರ ಹೆಸರಿನಲ್ಲಿ ಜಾತ್ರೆ ನಡೆಯತೊಡಗಿತು. ಅಲ್ಲಿ ಕೊರಳಿಗೆ ಕಟ್ಟುವ ರೇಷ್ಮೆಯ ಪಟ್ಟಿ ಮಾರುತ್ತಿದ್ದರು. ಅದಕ್ಕೆ 'ಸೇಂಟ್ ಆಡ್ರಿ' ಪಟ್ಟಿ ಎಂದೇ ಹೆಸರು. ಜನರ ಬಾಯಲ್ಲಿ ಅದು 'ಟಾಡ್ರಿ' ಆಯಿತು. ಬರಬರುತ್ತಾ ಕಳಪೆ ಮಾಲು ಹೆಚ್ಚಿ, ಥಳಥಳ ಹೊಳೆಯುವ ಅಗ್ಗದ ವಸ್ತುವಿಗೆಲ್ಲ ಇಂಗ್ಲಿಷಿನಲ್ಲಿ 'ಟಾಡ್ರಿ' ಎಂಬ ಮಾತೇ ನಿಂತಿತು. ಕೊರಳ ಒಡವೆಗಾಗಿ ಪಶ್ಚಾತ್ತಾಪಪಟ್ಟ ತಾಯಿಯ ಹೆಸರು ಕೊರಳ ಅಗ್ಗದ ಅಲಂಕಾರಕ್ಕೇ ಅಂಟಿಕೊಂಡಿತು!

ಮೊಳಕಾಲ್ಮೂರಿನವರಿಗೆ ಈ ನೋವು ಬೇಗ ಅರ್ಥವಾಗುತ್ತದೆ. ನಿಮ್ಮೂರಿನ ಹೆಸರೇ ಒಂದು ಸೀರೆಯ ಹೆಸರು. ನೇಕಾರ ಮಗ್ಗದಲ್ಲಿ ಕುಳಿತು, ಎಳೆ ಎಳೆ ಕೂಡಿಸಿ ದಿನಗಟ್ಟಲೆ ನೇಯುತ್ತಾನೆ. ಅಂಗಡಿಯಲ್ಲಿ ಅದೇ ಹೆಸರು ಹೇಳಿ ನಕಲಿ ನೂಲಿನ ಸೀರೆ ಮಾರಿದರೆ ಪೆಟ್ಟು ಬೀಳುವುದು ಯಾರ ಹೊಟ್ಟೆಗೆ? ಬಲ್ಲವರು ಸೆರಗಿನ ಒಂದು ಎಳೆ ಸುಟ್ಟು ನೋಡುತ್ತಾರೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಬೂದಿಯಾಗುತ್ತದೆ. ನಕಲಿಯಾದರೆ ಕರಗಿ ಗಟ್ಟಿ ಗಂಟಾಗುತ್ತದೆ. ಹೆಸರು ಒಂದೇ, ನೂಲು ಬೇರೆ.

ಪ್ರಿಯರೇ, ಕ್ರೈಸ್ತರು ಎಂಬುದೂ ಒಂದು ಹೆಸರೇ. ಅದರಡಿ ನಾವು ನೇಯುತ್ತಿರುವ ನೂಲು ಯಾವುದು? ಹಬ್ಬಕ್ಕೆ ದೀಪದ ಸಾಲು, ಧ್ವನಿವರ್ಧಕ, ಹೊಸ ಬಟ್ಟೆ ಎಲ್ಲವೂ ಇವೆ. ಮುನಿಸಿಕೊಂಡ ತಮ್ಮನ ಮನೆಗೆ ಹೋಗಿದ್ದೇವೆಯೇ? ಕೂಲಿಯವಳಿಗೆ ಸರಿಯಾದ ಕೂಲಿ ಕೊಟ್ಟಿದ್ದೇವೆಯೇ? ಕಷ್ಟ ಎಂಬ ಬೆಂಕಿ ತಾಗಿದಾಗ ನಮ್ಮ ಎಳೆ ಏನಾಗುತ್ತದೆ?

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡನ ಹೆಸರಿದೆ. ಎರಡು ಸಾವಿರ ವರ್ಷ ದಾಟಿದರೂ ಅಳಿದಿಲ್ಲ. ಆದರೆ ಅವನು ಹೇಗೆ ಬಾಳಿದನೆಂದು ಕಲ್ಲು ಹೇಳುವುದಿಲ್ಲ. ಕಲ್ಲು ಹೆಸರನ್ನು ಉಳಿಸಬಲ್ಲದು. ಹೆಸರಿಗೆ ಬೆಲೆ ತರುವುದು ಬದುಕು.

ಸಂತೆಯವರು ಆಡ್ರಿಯವರ ಹೆಸರನ್ನು ಅಗ್ಗ ಮಾಡಿದರು. ಅವರ ಬದುಕನ್ನು ಅಗ್ಗ ಮಾಡಲಾಗಲಿಲ್ಲ. ಲಂಡನ್ನಿನಲ್ಲಿ ಅವರ ಹೆಸರಿನ ದೇವಾಲಯದಲ್ಲಿ ಕಥೋಲಿಕರು ಇಂದಿಗೂ ಬಲಿಪೂಜೆ ಅರ್ಪಿಸುತ್ತಾರೆ. ದೂರದ ನಮ್ಮ ನಾಡಿನಲ್ಲೂ ತಾಯಂದಿರು ಮಗಳಿಗೆ ಆ ಹೆಸರಿಟ್ಟಿದ್ದಾರೆ.

ಇಂದು ಮನೆಗೆ ಹೋದ ಮೇಲೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಅವರ ಜ್ಞಾನಸ್ನಾನದ ಹೆಸರಿನ ಸಂತರ ಕಥೆ ಹೇಳಿ. ಗೊತ್ತಿಲ್ಲದಿದ್ದರೆ ಗುರುಗಳನ್ನೋ ಸಿಸ್ಟರನ್ನೋ ಕೇಳಿ. ಆಮೇಲೆ, ಆ ಸಂತರ ಒಂದು ಗುಣವನ್ನಾದರೂ ಅವರ ಕಣ್ಣೆದುರು ಬಾಳಿ ತೋರಿಸಿ.

ನಮ್ಮನ್ನು ಹೆಸರಿಡಿದು ಕರೆದ ದೇವರು, ಆ ಹೆಸರಿಗೆ ತಕ್ಕಂತೆ ಬಾಳುವ ಬಲವನ್ನು ನಮಗೆ ದಯಪಾಲಿಸಲಿ. ಆಮೆನ್.