ಜಮಖಂಡಿಯ ಗ್ರಹಣ ಮತ್ತು ವಿಶ್ವದ ಆದಿ
(ಶತಮಾನೋತ್ಸವದ ಅಂಗವಾಗಿ ನೀಡಿದ ಉಪನ್ಯಾಸ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು 1,380 ಕೋಟಿ ವರ್ಷಗಳ ಮಾತನಾಡುವುದು ತುಸು ಧಾರ್ಷ್ಟ್ಯವೇ ಸರಿ. ಆದರೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಕಾಲೇಜಿನಲ್ಲಿ ಮಹಾಸ್ಫೋಟದ ಪಾಠ ಕೇಳಿ ಬಂದ ನಮ್ಮ ಮಕ್ಕಳು ಮನೆಯಲ್ಲಿ ಪ್ರಶ್ನಿಸುತ್ತಾರೆ: ಅಲ್ಲಿ ಕಲಿತದ್ದು ನಿಜವೋ, ಜ್ಞಾನೋಪದೇಶದಲ್ಲಿ ಕಲಿತದ್ದು ನಿಜವೋ? ಕೆಲವು ತಂದೆತಾಯಿಗಳು ಗದರಿಸಿ ಸುಮ್ಮನಾಗಿಸುತ್ತಾರೆ. ಮತ್ತೆ ಕೆಲವರು, "ವಿಜ್ಞಾನವೇ ಸೃಷ್ಟಿಯನ್ನು ಸಾಬೀತುಪಡಿಸಿದೆ" ಎಂದು ಅವಸರದ ಸಮಾಧಾನ ಹೇಳುತ್ತಾರೆ. ಈ ಎರಡನೆಯ ಉತ್ತರವೂ ಮೊದಲನೆಯದರಷ್ಟೇ ಅಪಾಯಕಾರಿ ಎಂದು ನನ್ನ ಭಾವನೆ. ಏಕೆಂಬುದನ್ನು ಹೇಳುವ ಮುನ್ನ ತಮ್ಮನ್ನು ಜಮಖಂಡಿಗೆ ಕರೆದೊಯ್ಯಬೇಕಾಗಿದೆ.

ಹುಬ್ಬಳ್ಳಿಯಿಂದ ಬೆಳಗ್ಗೆ ಹೊರಟು ಸಂಜೆಗೆ ಮರಳಬಹುದಾದ ಊರು ಅದು. ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಅಂದು ಪಟವರ್ಧನರ ಸಂಸ್ಥಾನದ ರಾಜಧಾನಿಯಾಗಿತ್ತು. 1868ರ ಆಗಸ್ಟ್ 18ರ ಬೆಳಗ್ಗೆ ಖಗ್ರಾಸ ಸೂರ್ಯಗ್ರಹಣದ ನೆರಳು ವಿಜಯಪುರ, ಜಮಖಂಡಿಗಳ ಮೇಲೆ ಹಾಯ್ದು ಪೂರ್ವದಲ್ಲಿ ಗುಂಟೂರಿನತ್ತ ಸಾಗಿತು. ಅದನ್ನು ನೋಡಲೆಂದು ಲಂಡನ್ನಿನ ರಾಯಲ್ ಸೊಸೈಟಿಯು ಸರ್ವೇ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬವರನ್ನು ಉಪಕರಣಗಳೊಡನೆ ಜಮಖಂಡಿಯಲ್ಲಿ ನೆಲೆಗೊಳಿಸಿತ್ತು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ ಈತ. ಆಗಸ್ಟ್ ತಿಂಗಳ ನಮ್ಮ ಆಕಾಶ ಹೇಗಿರುತ್ತದೆಂಬುದು ತಮಗೆ ಗೊತ್ತೇ ಇದೆ. ಅಂದೂ ಮೋಡಗಳು ಕಾಡಿದವು. ಸುಮಾರು ಐದು ನಿಮಿಷದ ಕತ್ತಲಲ್ಲಿ ಮೋಡ ಸರಿದ ಸ್ವಲ್ಪ ಹೊತ್ತಿನಲ್ಲೇ ಅವರು ಸೂರ್ಯನ ಅಂಚಿನಲ್ಲಿ ಚಾಚಿದ್ದ ಕೆಂಪು ಜ್ವಾಲೆಯತ್ತ ರೋಹಿತದರ್ಶಕವನ್ನು ತಿರುಗಿಸಿದರು.

ರೋಹಿತದರ್ಶಕವೆಂದರೆ ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ತೋರಿಸುವ ಯಂತ್ರ. ಒಲೆಯ ಉರಿಗೆ ಉಪ್ಪಿನ ಹರಳು ಬಿದ್ದರೆ ಉರಿ ಒಮ್ಮೆಲೆ ಹಳದಿಯಾಗುವುದನ್ನು ನಮ್ಮ ತಾಯಂದಿರೆಲ್ಲ ಕಂಡಿದ್ದಾರೆ. ಅದು ಉಪ್ಪಿನಲ್ಲಿರುವ ಸೋಡಿಯಮ್ಮಿನ ಬಣ್ಣ. ಹಾಗೆಯೇ ಪ್ರತಿಯೊಂದು ಧಾತುವಿನ ಕಾದ ಅನಿಲಕ್ಕೂ ತನ್ನದೇ ಆದ ಬಣ್ಣದ ಗೆರೆಗಳಿವೆ; ಕೈಬೆರಳಿನ ಗುರುತಿನಂತೆ ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ. ಹರ್ಷೆಲರಿಗೆ ಮೂರು ಗೆರೆಗಳು ಕಂಡವು: ಕೆಂಪು, ಕಿತ್ತಳೆ, ನೀಲಿ. ಸೂರ್ಯನ ಆ ಜ್ವಾಲೆ ಉರಿಯುವ ಅನಿಲವೇ ಎಂಬುದು ಇದರಿಂದ ಸ್ಥಿರವಾಯಿತು. ಕಿತ್ತಳೆಯ ಗೆರೆಯನ್ನು ಅವರು ನಿಸ್ಸಂದೇಹವಾಗಿ ಸೋಡಿಯಮ್ಮಿನದೆಂದು ಬರೆದರು.

ಅದು ಸೋಡಿಯಮ್ಮಿನದಾಗಿರಲಿಲ್ಲ. ಅದೇ ಗ್ರಹಣವನ್ನು ಗುಂಟೂರಿನಲ್ಲಿ ನೋಡಿದ ಫ್ರಾನ್ಸಿನ ಜಾನ್ಸೆನ್, ಆ ಜ್ವಾಲೆಗಳ ಗೆರೆಗಳು ಗ್ರಹಣವಿಲ್ಲದ ದಿನಗಳಲ್ಲಿಯೂ ಕಾಣುತ್ತವೆಂದು ಮರುದಿನವೇ ತೋರಿಸಿಕೊಟ್ಟರು. ಇಂಗ್ಲೆಂಡಿನ ಲಾಕಿಯರ್ ತಾವಾಗಿಯೇ ಅದೇ ಉಪಾಯವನ್ನು ಕಂಡುಕೊಂಡು, ಅಕ್ಟೋಬರ್ 20ರಿಂದ ಹಳದಿಯ ಆ ಗೆರೆಯನ್ನು ಬಿಡುವಾಗಿ ಅಳೆದರು. ಸೋಡಿಯಮ್ಮಿನ ಜೋಡಿಗೆರೆಗಳು 589 ನ್ಯಾನೋಮೀಟರ್ ಆಸುಪಾಸಿನಲ್ಲಿ ಬೀಳುತ್ತವೆ. ಇದು ಬೀಳುವುದು 587.6ರಲ್ಲಿ. ವ್ಯತ್ಯಾಸ ಕೂದಲೆಳೆಯಷ್ಟು, ಆದರೆ ಭೂಮಿಯ ಯಾವ ಧಾತುವಿಗೂ ಅದು ಹೊಂದಲಿಲ್ಲ. ಸೂರ್ಯನ ಗ್ರೀಕ್ ಹೆಸರಿನಿಂದ ಅದಕ್ಕೆ ಹೀಲಿಯಂ ಎಂಬ ನಾಮಕರಣವಾಯಿತು. 1895ರಲ್ಲಿ ರ‍್ಯಾಮ್ಸೆಯವರು ಯುರೇನಿಯಂ ಇರುವ ಒಂದು ಖನಿಜದಿಂದ ಹೀಲಿಯಂ ಅನಿಲವನ್ನು ಹೊರತೆಗೆಯುವವರೆಗೆ, ಅಂದರೆ ಇಪ್ಪತ್ತೇಳು ವರ್ಷ, ಅದು ಸೂರ್ಯನಲ್ಲಿ ಮಾತ್ರ ಇದ್ದ ಧಾತು. ಜಾತ್ರೆಯ ಬಲೂನುಗಳಲ್ಲಿ ಇಂದು ತುಂಬುವ ಹೀಲಿಯಂ ಕೂಡ ನೆಲದೊಳಗೆ ಯುರೇನಿಯಂ, ಥೋರಿಯಂ ಕ್ಷಯಿಸಿ ಹುಟ್ಟಿದ್ದೇ ಹೊರತು ಆಕಾಶದಿಂದ ಇಳಿದದ್ದಲ್ಲ.

ಇದೇ ಕಾಲದಲ್ಲಿ ರೋಮಿನಲ್ಲಿ ಯೇಸುಸಭೆಯ ಗುರು ಆಂಜೆಲೊ ಸೆಕ್ಕಿಯವರು ಸಾವಿರಾರು ನಕ್ಷತ್ರಗಳ ರೋಹಿತಗಳನ್ನು ನೋಡಿ ಅವುಗಳನ್ನು ವರ್ಗೀಕರಿಸುತ್ತಿದ್ದರು. ಅವರ ವೀಕ್ಷಣಾಲಯವಿದ್ದುದು ಸಂತ ಇಗ್ನೇಷಿಯಸರ ದೇವಾಲಯದ ಮೇಲೆ. ಅಲ್ಲಿ ಗುಮ್ಮಟವೊಂದನ್ನು ಹೊರಲೆಂದು ಕಟ್ಟಿದ ಭಾರಿ ಕಂಬಗಳಿದ್ದವು. ಗುಮ್ಮಟ ಮಾತ್ರ ಮೇಲೇರಲೇ ಇಲ್ಲ. ಆ ಕಂಬಗಳು ದೂರದರ್ಶಕವನ್ನು ಹೊತ್ತವು. ಕಟ್ಟಡ ಸಮಿತಿಯವರು ಇದನ್ನು ನೆನಪಿಡಬಹುದು!

ಈಗ ವಿಶ್ವದ ಆದಿಗೆ ಬರೋಣ. ಎಲ್ಲಿ ಅಳೆದರೂ ಸಾಮಾನ್ಯ ದ್ರವ್ಯದ ತೂಕದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಹೀಲಿಯಂ, ಉಳಿದದ್ದು ಬಹುತೇಕ ಜಲಜನಕ. ನಕ್ಷತ್ರಗಳು ಜಲಜನಕವನ್ನು ಬೆಸೆದು ಹೀಲಿಯಂ ಮಾಡುತ್ತವೆ, ನಿಜ; ಆದರೆ ಅವು ಇದುವರೆಗೆ ಮಾಡಿದ್ದು ಇಷ್ಟಕ್ಕೆ ಏನೇನೂ ಸಾಲದು. ನಕ್ಷತ್ರಗಳ ಬೂದಿ ಅತ್ಯಲ್ಪವಾಗಿ ಬೆರೆತಿರುವ ಅನಿಲರಾಶಿಗಳಲ್ಲಿಯೂ ಆ ಪಾಲು ಹೆಚ್ಚುಕಡಿಮೆ ಅಷ್ಟೇ ಇದೆ. ಹಾಗಾದರೆ ಅದು ಎಲ್ಲಿಂದ ಬಂತು?

1948ರಲ್ಲಿ ಆಲ್ಫರ್ ಮತ್ತು ಗ್ಯಾಮೊ ಇದಕ್ಕೆ ಉತ್ತರದ ದಾರಿ ತೋರಿಸಿದರು. ಆದಿಯಲ್ಲಿ ವಿಶ್ವವು ಊಹೆಗೆ ಮೀರಿದ ಸಾಂದ್ರತೆಯಲ್ಲಿ, ಊಹೆಗೆ ಮೀರಿದ ಶಾಖದಲ್ಲಿ ಇತ್ತು. ಅದು ಹಿಗ್ಗುತ್ತ ತಣಿಯತೊಡಗಿ, ಕೆಲವು ನಿಮಿಷಗಳಲ್ಲಿ ಶಾಖ ನೂರು ಕೋಟಿ ಡಿಗ್ರಿಯ ಸುಮಾರಿಗೆ ಇಳಿದಾಗ ಪ್ರೋಟಾನ್, ನ್ಯೂಟ್ರಾನುಗಳು ಬೆಸೆದುಕೊಂಡವು. ಆ ಹೊತ್ತಿಗೆ ಏಳು ಪ್ರೋಟಾನುಗಳಿಗೆ ಒಂದು ನ್ಯೂಟ್ರಾನ್ ಇತ್ತು. ಹದಿನಾಲ್ಕು ಪ್ರೋಟಾನು, ಎರಡು ನ್ಯೂಟ್ರಾನು, ಒಟ್ಟು ಹದಿನಾರು ಕಣ ತೆಗೆದುಕೊಳ್ಳಿ. ಎರಡು ನ್ಯೂಟ್ರಾನುಗಳು ಎರಡು ಪ್ರೋಟಾನುಗಳೊಡನೆ ಸೇರಿ ಒಂದು ಹೀಲಿಯಂ ಆಯಿತು. ಹನ್ನೆರಡು ಪ್ರೋಟಾನುಗಳು ಜಲಜನಕವಾಗಿ ಉಳಿದವು. ಹದಿನಾರರಲ್ಲಿ ನಾಲ್ಕು ಎಂದರೆ ಕಾಲುಭಾಗವಲ್ಲವೇ? ಕಲಿತ ಮಕ್ಕಳೇ ಮನೆಯಲ್ಲಿ ಹಿರಿಯರಿಗೆ ಈ ಲೆಕ್ಕವನ್ನು ಬರೆದು ತೋರಿಸಬಹುದು. ಜಮಖಂಡಿಯಲ್ಲಿ ಸೋಡಿಯಂ ಎನಿಸಿಕೊಂಡ ಗೆರೆ ಹೀಗೆ ವಿಶ್ವದ ಮೊದಲ ನಿಮಿಷಗಳಿಗೆ ಸಾಕ್ಷಿಯಾಯಿತು.

ವಿಶ್ವಕ್ಕೆ ಇಂಥದೊಂದು ಆರಂಭವಿತ್ತೆಂದು ಮೊದಲು ಹೇಳಿದವರು ಬೆಲ್ಜಿಯಮ್ಮಿನ ಜಾರ್ಜ್ ಲೆಮೆತ್ರ್. 1923ರಲ್ಲಿ ಗುರುದೀಕ್ಷೆ ಪಡೆದವರು, ಲೂವೆನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. 1927ರಲ್ಲಿ ವಿಶ್ವವು ಹಿಗ್ಗುತ್ತಿದೆಯೆಂದು ಐನ್‌ಸ್ಟೈನರ ಸಮೀಕರಣಗಳಿಂದಲೂ ನೀಹಾರಿಕೆಗಳ ವೇಗದಿಂದಲೂ ಸಾಧಿಸಿದರು. 1931ರಲ್ಲಿ ಎಲ್ಲವೂ ಒಂದು ಆದಿಪರಮಾಣುವಿನಿಂದ ಒಡೆದು ಬಂದಿತೆಂದು ಸೂಚಿಸಿದರು. ಅವರ ಪರಮಾಣುವಿನ ಕಲ್ಪನೆ ಇಂದು ಉಳಿದಿಲ್ಲ; ಆರಂಭದ ವಿಚಾರ ಉಳಿದಿದೆ.

1951ರ ನವೆಂಬರ್ 22ರಂದು ಜಗದ್ಗುರು ಹನ್ನೆರಡನೆಯ ಪಯಸ್‌ರವರು ತಮ್ಮ ಭಾಷಣದಲ್ಲಿ, ವಿಜ್ಞಾನವು ಆದಿಕಾಂಡದ "ಬೆಳಕಾಗಲಿ" ಎಂಬ ಆ ಗಳಿಗೆಗೆ ಸಾಕ್ಷಿ ನುಡಿಯುತ್ತಿದೆ ಎಂಬ ಭಾವವನ್ನು ವ್ಯಕ್ತಪಡಿಸಿದರು. ಲೆಮೆತ್ರ್ ಹಿಗ್ಗಬೇಕಾಗಿತ್ತು ಎಂದು ನಾವು ಭಾವಿಸುತ್ತೇವೆ. ಅವರು ಕಳವಳಗೊಂಡರು. ಮರುವರ್ಷ ರೋಮಿನಲ್ಲಿ ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರೊಡನೆ ಈ ವಿಷಯ ಚರ್ಚಿಸಿದರು. 1952ರ ಸೆಪ್ಟೆಂಬರಿನಲ್ಲಿ ಜಗದ್ಗುರುಗಳು ಖಗೋಳವಿಜ್ಞಾನಿಗಳನ್ನು ಉದ್ದೇಶಿಸಿ ಮಾತನಾಡಿದಾಗ ಅಂಥ ಹೋಲಿಕೆ ಇರಲಿಲ್ಲ.

ಆ ಗುರುವಿನ ಕಳವಳ ನನಗೆ ಬಹಳ ಬೆಲೆಯುಳ್ಳದ್ದಾಗಿ ತೋರುತ್ತದೆ. ತಮ್ಮ ಸಿದ್ಧಾಂತ ಯಾವ ಧಾರ್ಮಿಕ ಪ್ರಶ್ನೆಗೂ ಹೊರಗಿನದು, ಆಸ್ತಿಕನೂ ನಾಸ್ತಿಕನೂ ಅದನ್ನು ಸಮಾನವಾಗಿ ಪರೀಕ್ಷಿಸಬಹುದು ಎಂಬುದು ಅವರ ನಿಲುವು. ವಿಜ್ಞಾನದ ಹೇಳಿಕೆ ತಿದ್ದುಪಡಿಗೆ ಸದಾ ತೆರೆದಿರುತ್ತದೆ. ಅನುಭವಿಯಾದ ಹರ್ಷೆಲರು ಕಣ್ಣಾರೆ ಕಂಡದ್ದೇ ಎರಡು ತಿಂಗಳಲ್ಲಿ ಬದಲಾಯಿತಲ್ಲ! ನಾಳೆ ತಿದ್ದಲ್ಪಡಬಹುದಾದ ಲೆಕ್ಕಕ್ಕೆ ಮಗುವಿನ ವಿಶ್ವಾಸವನ್ನು ಇಂದು ಗಂಟುಹಾಕಿದರೆ, ಲೆಕ್ಕ ತಿದ್ದಿದ ದಿನ ಆ ಮಗು ಎಲ್ಲಿ ನಿಲ್ಲಬೇಕು? "ಸೃಷ್ಟಿ" ಎಂದು ಪ್ರಾರ್ಥನೆಯಲ್ಲಿ ನುಡಿಯುವಾಗ ನಾವು ಕೇಳುವುದು ಏನೂ ಇಲ್ಲದಿರುವ ಬದಲು ಏನಾದರೂ ಏಕೆ ಇದೆ ಎಂಬುದನ್ನು; ಹೀಲಿಯಂ ಹೇಳುವುದು ಇದ್ದದ್ದು ಮೊದಲ ನಿಮಿಷಗಳಲ್ಲಿ ಹೇಗಿತ್ತೆಂಬುದನ್ನು.

ಲೆಮೆತ್ರ್ 1960ರಿಂದ ಕೊನೆಯವರೆಗೆ ವ್ಯಾಟಿಕನ್ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಆದಿಯ ಶಾಖದ ಅವಶೇಷವಾದ ಕ್ಷೀಣ ವಿಕಿರಣ ಆಕಾಶದ ಎಲ್ಲ ದಿಕ್ಕಿನಿಂದಲೂ ಬರುತ್ತಿದೆಯೆಂದು ಅಮೆರಿಕದ ಪೆಂಜಿಯಸ್ ಮತ್ತು ವಿಲ್ಸನ್ 1965ರಲ್ಲಿ ಪ್ರಕಟಿಸಿದರು. 1966ರ ಜೂನ್ ತಿಂಗಳಲ್ಲಿ, ಹಾಸಿಗೆ ಹಿಡಿದಿದ್ದ ಲೆಮೆತ್ರರಿಗೆ ಈ ಸುದ್ದಿಯನ್ನು ಅವರ ಸಹೋದ್ಯೋಗಿಯೊಬ್ಬರು ತಲುಪಿಸಿದರು. ಅದೇ ತಿಂಗಳ 20ರಂದು ಅವರು ತೀರಿಕೊಂಡರು.

ಯುವಜನರು ಪ್ರಶ್ನೆಗಳನ್ನು ಕೇಳಬಹುದು.